ಪದಗಳ ಮೇಲೆ ಕಣ್ಣಿಟ್ಟವರು: ವಿಕ್ಟರ್ ಕ್ಲೆಂಪರರ್ ಅವರ ಡೈರಿ ಮತ್ತು ನಾಜಿಗಳ ಭಾಷೆ

ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಜೊತೆಗೆ ಓದಲೆಂದು ಬರೆದ ಲೇಖನ ಇದು. ಸಂಚಿಕೆ ಕೇಳಿದವರಿಗೆ ಇಲ್ಲಿ ಇನ್ನಷ್ಟು ವಿವರ ಸಿಗುತ್ತೆ. ಕೇಳದೇ ಇದ್ದವರು ಇದನ್ನಷ್ಟೇ ಓದಿದರೂ ವಿಷಯ ಪೂರ್ತಿ ಅರ್ಥ ಆಗುತ್ತೆ. ಕನ್ನಡ ಓದೋದನ್ನ ಈಗಷ್ಟೇ ಕಲಿಯುತ್ತಿರುವವರು ನಿಧಾನವಾಗಿ ಓದಿ, ಅವಸರ ಏನಿಲ್ಲ. ಜರ್ಮನ್ ಪದಗಳು ಬಂದಲ್ಲೆಲ್ಲ ಅವುಗಳ ಅರ್ಥವನ್ನ ಕನ್ನಡದಲ್ಲೇ ಹೇಳಿದ್ದೀನಿ.

1933ರ ಏಪ್ರಿಲ್ ತಿಂಗಳು. ಹಿಟ್ಲರ್ ಜರ್ಮನಿಯ ಚಾನ್ಸೆಲರ್ ಆಗಿ ಇನ್ನೂ ಮೂರು ತಿಂಗಳಾಗಿಲ್ಲ. ಆ ದೇಶದ ವಿಶ್ವವಿದ್ಯಾಲಯಗಳ ಗೋಡೆಗಳ ಮೇಲೆ ವಿದ್ಯಾರ್ಥಿ ಸಂಘಟನೆಯೊಂದು ಒಂದು ಭಿತ್ತಿಪತ್ರ ಅಂಟಿಸಿತು. ಅದರಲ್ಲಿ 12 ಅಂಶಗಳಿದ್ದವು. ಅವುಗಳಲ್ಲಿ ಒಂದರ ಸಾರಾಂಶ ಹೀಗಿತ್ತು: ಯಹೂದಿ ಯೋಚನೆ ಮಾಡೋದು ಯಹೂದಿಯಾಗಿ ಮಾತ್ರ, ಹಾಗಾಗಿ ಅವನು ಜರ್ಮನ್ ಭಾಷೆಯಲ್ಲಿ ಬರೆದರೆ ಅದು ಸುಳ್ಳು. ಅವನು ಬರೆಯುವುದಾದರೆ ಹೀಬ್ರೂನಲ್ಲಿ ಬರೆಯಲಿ, ಜರ್ಮನ್‌ನಲ್ಲಿ ಅಚ್ಚಾದರೆ ಅದನ್ನು 'ಅನುವಾದ' ಅಂತ ಗುರುತಿಸಬೇಕು.

ಡ್ರೆಸ್ಡೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದ ಒಬ್ಬ ಪ್ರಾಧ್ಯಾಪಕರು ಈ ಭಿತ್ತಿಪತ್ರದ ವಿಷಯವನ್ನ ತಮ್ಮ ಡೈರಿಯಲ್ಲಿ ಬರೆದಿಟ್ಟುಕೊಂಡರು. ಅವರಿಗೆ ಆಗ 51 ವರ್ಷ. ಯಹೂದಿ ಕುಟುಂಬದಲ್ಲಿ ಹುಟ್ಟಿದವರು, ಹೀಬ್ರೂನಲ್ಲಿ ಪುಸ್ತಕ ಬರೆಯುವವರಲ್ಲ. ಅವರು ಯೋಚಿಸಿದ್ದು, ಪಾಠ ಮಾಡಿದ್ದು, ಹೆಂಡತಿಯ ಜೊತೆ ಜಗಳ ಆಡಿದ್ದು, ಡೈರಿ ಬರೆದದ್ದು ಎಲ್ಲವೂ ಜರ್ಮನ್‌ನಲ್ಲೇ. ಅವರ ಹೆಸರು ವಿಕ್ಟರ್ ಕ್ಲೆಂಪರರ್.

ಮನೇಲಿ ಒಂದು ಭಾಷೆ, ಹೊರಗೆ ಇನ್ನೊಂದು ಭಾಷೆ ಇಟ್ಟುಕೊಂಡು ಬದುಕುವ ನಮ್ಮಂಥವರಿಗೆ, 'ಈ ಭಾಷೆ ನಿನ್ನದಲ್ಲ' ಅನ್ನುವ ಮಾತು ಹೇಗೆ ಚುಚ್ಚುತ್ತೆ ಅನ್ನೋದನ್ನ ವಿವರಿಸಬೇಕಾಗಿಲ್ಲ. ಹಾಗಂತ ನಮ್ಮ ಅನುಭವವನ್ನ ಕ್ಲೆಂಪರರ್ ಅನುಭವದ ಪಕ್ಕದಲ್ಲಿ ಇಡೋದು ಸರಿಯಲ್ಲ. ಅವರಿಗೆ ಅದು ಬರೀ ಅವಮಾನವಾಗಿರಲಿಲ್ಲ, ಪ್ರಾಣದ ಪ್ರಶ್ನೆಯಾಗಿತ್ತು. ಆ ಮಾತಿಗೆ ಅವರು ಕೊಟ್ಟ ಉತ್ತರ 12 ವರ್ಷ ಉದ್ದದ್ದು. ಯಾವ ಭಾಷೆ ನಿಮ್ಮದಲ್ಲ ಅಂತ ಹೇಳಿದರೋ, ಅದೇ ಭಾಷೆಗೆ ಏನಾಗುತ್ತಿದೆ ಅನ್ನೋದನ್ನ ಅವರು ದಿನದಿನವೂ ಗಮನಿಸಿ ಬರೆದರು.

ಯಾರು ಈ ಕ್ಲೆಂಪರರ್?

1881ರ ಅಕ್ಟೋಬರ್ 9ರಂದು ಲಾಂಡ್ಸ್‌ಬೆರ್ಗ್ ಅನ್ನುವ ಊರಿನಲ್ಲಿ ಹುಟ್ಟಿದರು. ಆ ಊರು ಇವತ್ತು ಪೋಲೆಂಡ್‌ನಲ್ಲಿದೆ. ತಂದೆ ರಬ್ಬಿ, ಅಂದ್ರೆ ಯಹೂದಿಗಳ ಧರ್ಮಗುರು. ಕುಟುಂಬ ಬರ್ಲಿನ್‌ಗೆ ಬಂದ ಮೇಲೆ ತಂದೆ ಅಲ್ಲಿನ ಸುಧಾರಣಾವಾದಿ ಯಹೂದಿ ಸಭೆಯಲ್ಲಿ ಪ್ರವಚನಕಾರರಾದರು. ಅಣ್ಣಂದಿರಾದ ಗೇಯೋರ್ಗ್ ಮತ್ತು ಫೆಲಿಕ್ಸ್ ಹೆಸರಾಂತ ವೈದ್ಯರು. ಸಂಗೀತ ಕೇಳುವವರಿಗೆ ಗೊತ್ತಿರುವ ಆರ್ಕೆಸ್ಟ್ರಾ ನಿರ್ದೇಶಕ ಓಟ್ಟೋ ಕ್ಲೆಂಪರರ್ ಇವರ ಸಂಬಂಧಿ.

ವಿಕ್ಟರ್ ಮೊದಲು ಪತ್ರಕರ್ತರಾಗಿದ್ದು, ಆಮೇಲೆ ಫ್ರೆಂಚ್ ಸಾಹಿತ್ಯದ ವಿದ್ವಾಂಸರಾದರು. 18ನೇ ಶತಮಾನದ ಫ್ರಾನ್ಸ್, ವೋಲ್ತೇರ್, ಮಾಂಟೆಸ್ಕ್ಯೂ ಇವೆಲ್ಲ ಅವರ ಪ್ರಪಂಚ. ತಾರುಣ್ಯದಲ್ಲೇ ಪ್ರಾಟೆಸ್ಟಂಟ್ ಕ್ರೈಸ್ತರಾಗಿ ಮತಾಂತರಗೊಂಡಿದ್ದರು. 1906ರಲ್ಲಿ ಏವಾ ಷ್ಲೆಮ್ಮರ್ ಅವರನ್ನು ಮದುವೆಯಾದರು. ಏವಾ ಪಿಯಾನೋ ವಾದಕಿ, ಯಹೂದಿಯಲ್ಲ. ಈ ಕೊನೆಯ ಸಂಗತಿಯನ್ನ ನೆನಪಿಟ್ಟುಕೊಳ್ಳಿ, ಮುಂದೆ ಜೀವ ಉಳಿದದ್ದು ಇದರಿಂದಲೇ.

ಮೊದಲ ಮಹಾಯುದ್ಧದಲ್ಲಿ ಅವರು ತಾವಾಗಿಯೇ ಜರ್ಮನ್ ಸೇನೆ ಸೇರಿ ಪಶ್ಚಿಮ ರಣರಂಗದಲ್ಲಿ ಫಿರಂಗಿ ದಳದಲ್ಲಿದ್ದರು. 1920ರಲ್ಲಿ ಡ್ರೆಸ್ಡೆನ್‌ನಲ್ಲಿ ಪ್ರಾಧ್ಯಾಪಕರಾದರು. ತಾವು ಜರ್ಮನ್ ಅನ್ನೋದರ ಬಗ್ಗೆ ಅವರಿಗೆ ಯಾವ ಅನುಮಾನವೂ ಇರಲಿಲ್ಲ. ನಾಜಿಗಳು ಬಂದಮೇಲೂ ಅವರ ಹಟ ಇದೇ: ನಿಜವಾದ ಜರ್ಮನ್ ನಾನು, ಜರ್ಮನ್ ಅಲ್ಲದವರು ಅವರು. ರಕ್ತದ ಆಧಾರದ ಮೇಲೆ ದೇಶ ಕಟ್ಟುವ ಯಾವ ವಾದವೂ ಅವರಿಗೆ ಹಿಡಿಸುತ್ತಿರಲಿಲ್ಲ. ಅದಕ್ಕೇ ಯಹೂದಿಗಳದೇ ಆದ ಜಯೋನಿಸ್ಟ್ ಚಳವಳಿಯನ್ನೂ ಅವರು ಕಟುವಾಗಿ ಟೀಕಿಸಿದರು. ಈ ಟೀಕೆಯನ್ನ ಒಪ್ಪದ ಓದುಗರು ಆಗಲೂ ಇದ್ದರು, ಈಗಲೂ ಇದ್ದಾರೆ.

ಒಂದೊಂದಾಗಿ ಕಿತ್ತುಕೊಂಡದ್ದು

ನಾಜಿ ಆಳ್ವಿಕೆ ಅಂದ ಕೂಡಲೇ ನಮಗೆ ನೆನಪಾಗೋದು ಯಾತನಾ ಶಿಬಿರಗಳು, ಗ್ಯಾಸ್ ಚೇಂಬರ್‌ಗಳು. ಕ್ಲೆಂಪರರ್ ಡೈರಿ ತೋರಿಸೋದು ಅಲ್ಲಿಗೆ ಹೋಗುವ ದಾರಿಯನ್ನ. ಆ ದಾರಿ ಸಣ್ಣ ಸಣ್ಣ ಹೆಜ್ಜೆಗಳದ್ದು.

1933ರ ಏಪ್ರಿಲ್ 7ರ ಕಾಯ್ದೆ ಯಹೂದಿ ಸರ್ಕಾರಿ ನೌಕರರನ್ನ ಹೊರಹಾಕಿತು. ಯುದ್ಧದಲ್ಲಿ ಹೋರಾಡಿದವರಿಗೆ ಅದರಲ್ಲಿ ವಿನಾಯಿತಿ ಇದ್ದುದರಿಂದ ಇವರ ಕೆಲಸ ಸದ್ಯಕ್ಕೆ ಉಳಿಯಿತು. 1935ರ ಏಪ್ರಿಲ್ ಕೊನೆಯಲ್ಲಿ ಅದೂ ಹೋಯಿತು. ಅಷ್ಟರಲ್ಲಿ ಊರಾಚೆಯ ಡೋಲ್ಟ್ಶೆನ್‌ನಲ್ಲಿ ಒಂದು ಪುಟ್ಟ ಮನೆ ಕಟ್ಟಿಸಿಕೊಂಡಿದ್ದರು. 1936ರಲ್ಲಿ, 54ನೇ ವಯಸ್ಸಿನಲ್ಲಿ, ಕಾರು ಓಡಿಸೋದು ಕಲಿತು ಹಳೇ ಒಪೆಲ್ ಕಾರೊಂದನ್ನ ಕೊಂಡರು. ಕೆಲಸ ಕಳೆದುಕೊಂಡ ಪ್ರಾಧ್ಯಾಪಕರು ಸಾಲದ ಚಿಂತೆ ಮಾಡುತ್ತಲೇ ಹೆಂಡತಿಯನ್ನ ಕೂರಿಸಿಕೊಂಡು ಸುತ್ತಾಡಿದ ಆ ದಿನಗಳ ಪುಟಗಳು ಓದಲು ತಮಾಷೆಯಾಗಿಯೂ ಇವೆ.

1938ರ ಡಿಸೆಂಬರ್‌ನಲ್ಲಿ ಯಹೂದಿಗಳ ಡ್ರೈವಿಂಗ್ ಲೈಸೆನ್ಸ್ ರದ್ದಾಯಿತು. ಲೈಬ್ರರಿಯ ಬಾಗಿಲೂ ಮುಚ್ಚಿತು. ವಿದ್ವಾಂಸನಿಗೆ ಲೈಬ್ರರಿ ಇಲ್ಲ ಅಂದ್ರೆ ಬಡಗಿಗೆ ಉಳಿ ಇಲ್ಲದ ಹಾಗೆ. 18ನೇ ಶತಮಾನದ ಫ್ರೆಂಚ್ ಸಾಹಿತ್ಯದ ಮೇಲೆ ಅವರು ಬರೆಯುತ್ತಿದ್ದ ದೊಡ್ಡ ಪುಸ್ತಕ ಅಲ್ಲಿಗೇ ನಿಂತಿತು. 1939ರ ಜನವರಿ 1ರಿಂದ ಪ್ರತಿ ಯಹೂದಿ ಗಂಡಸು ತನ್ನ ಹೆಸರಿಗೆ 'ಇಸ್ರಾಯೆಲ್' ಅಂತಲೂ, ಹೆಂಗಸು 'ಸಾರಾ' ಅಂತಲೂ ಸೇರಿಸಿಕೊಳ್ಳಬೇಕಾಯಿತು. 1940ರ ಮೇ ತಿಂಗಳಲ್ಲಿ ಗಂಡ ಹೆಂಡತಿ ಸ್ವಂತ ಮನೆ ಬಿಟ್ಟು 'ಯಹೂದಿಗಳ ಮನೆ' ಎಂದು ಕರೆಯುತ್ತಿದ್ದ ಕಟ್ಟಡಕ್ಕೆ ಹೋದರು. ಅಲ್ಲಿ ಹಲವು ಕುಟುಂಬಗಳನ್ನ ಒಟ್ಟಿಗೆ ತುಂಬಿದ್ದರು. 1941ರ ಬೇಸಿಗೆಯಲ್ಲಿ, ಯುದ್ಧಕಾಲದ ನಿಯಮದಂತೆ ಒಂದು ಕಿಟಕಿಗೆ ಕಪ್ಪು ಪರದೆ ಹಾಕೋದು ಮರೆತದ್ದಕ್ಕೆ ಅವರಿಗೆ ಜೈಲು ಶಿಕ್ಷೆಯಾಯಿತು.

1941ರ ಸೆಪ್ಟೆಂಬರ್ 19ರಿಂದ ಎದೆಯ ಎಡಭಾಗಕ್ಕೆ ಹಳದಿ ನಕ್ಷತ್ರ ಹೊಲಿದುಕೊಂಡೇ ಹೊರಗೆ ಹೋಗಬೇಕಿತ್ತು. ಆ 12 ವರ್ಷಗಳಲ್ಲಿ ಅತಿ ಕಷ್ಟದ ದಿನ ಯಾವುದು ಅಂತ ಆಮೇಲೆ ತಮ್ಮನ್ನೇ ಕೇಳಿಕೊಂಡಾಗ ಕ್ಲೆಂಪರರ್ ಹೆಸರಿಸಿದ್ದು ಇದೇ ದಿನವನ್ನ.

1942ರ ಜೂನ್ ಆರಂಭದಲ್ಲಿ ಅವರು ಕೂತು ತಮ್ಮ ಮೇಲಿರುವ ನಿಷೇಧಗಳನ್ನೆಲ್ಲ ಅಂಕಿ ಹಾಕಿ ಪಟ್ಟಿ ಮಾಡಿದರು. 31 ಆಯಿತು. ರೇಡಿಯೋ ಇಲ್ಲ, ಟೆಲಿಫೋನ್ ಇಲ್ಲ, ಸಿನಿಮಾ ಇಲ್ಲ, ಪತ್ರಿಕೆ ಕೊಳ್ಳುವ ಹಾಗಿಲ್ಲ, ಹೂವು ಕೊಳ್ಳುವ ಹಾಗಿಲ್ಲ, ತಂಬಾಕು ಇಲ್ಲ, ಪಾರ್ಕಿಗೆ ಹೋಗುವ ಹಾಗಿಲ್ಲ, ಟೈಪ್‌ರೈಟರ್ ಮತ್ತು ಸೈಕಲ್ ಒಪ್ಪಿಸಬೇಕು. ನಾಯಿ, ಬೆಕ್ಕು, ಹಕ್ಕಿ ಸಾಕುವ ಹಾಗಿಲ್ಲ. ಅವರ ಮನೆಯ ಬೆಕ್ಕು ಮುಷೆಲ್‌ನ ಕಥೆ ಆ ವರ್ಷದ ಮೇ ತಿಂಗಳ ಪುಟಗಳಲ್ಲಿದೆ. ಬೆಕ್ಕನ್ನ ಬೇರೆ ಯಾರಿಗೂ ಕೊಡುವ ಹಾಗಿರಲಿಲ್ಲ. ಕೊನೆಗೆ ಏವಾ ಅದನ್ನ ಪಶುವೈದ್ಯರ ಬಳಿ ಒಯ್ದು ಸಾಯಿಸಬೇಕಾಯಿತು. ಜನರನ್ನೇ ರೈಲು ತುಂಬಿಸಿ ಕಳಿಸುತ್ತಿದ್ದ ಕಾಲದಲ್ಲಿ ಒಂದು ಬೆಕ್ಕಿನ ಬಗ್ಗೆ ಬರೆಯಬೇಕಾ ಅಂತ ನಿಮಗೆ ಅನ್ನಿಸಬಹುದು. ಕ್ಲೆಂಪರರ್ ಬರೆದರು. ದೊಡ್ಡ ಘಟನೆಗಳನ್ನ ಇತಿಹಾಸದ ಪುಸ್ತಕಗಳು ಹೇಗೂ ದಾಖಲಿಸುತ್ತವೆ, ದಿನನಿತ್ಯದ ಹಿಂಸೆಯನ್ನ ತಾನು ಬರೆಯದಿದ್ದರೆ ಅದು ಮರೆತೇ ಹೋಗುತ್ತೆ ಅನ್ನೋದು ಅವರ ನಂಬಿಕೆಯಾಗಿತ್ತು.

ಡೈರಿ ಬಚ್ಚಿಟ್ಟವರು

ಹದಿಹರೆಯದಿಂದಲೇ ಅವರಿಗೆ ಡೈರಿಯ ಅಭ್ಯಾಸ. ಆದರೆ 1933ರ ನಂತರ ಅದೇ ಅಭ್ಯಾಸ ಅಪಾಯಕಾರಿಯಾಯಿತು. ಗೆಸ್ಟಾಪೋ, ಅಂದ್ರೆ ನಾಜಿಗಳ ಗುಪ್ತ ಪೊಲೀಸರು, ಯಾವ ಹೊತ್ತಿನಲ್ಲಾದರೂ ಮನೆ ಶೋಧಿಸಲು ಬರುತ್ತಿದ್ದರು. ಬಂದವರು ಹೊಡೆಯುತ್ತಿದ್ದರು, ಉಗುಳುತ್ತಿದ್ದರು, ಇದ್ದಬದ್ದ ಆಹಾರ ದೋಚುತ್ತಿದ್ದರು. ಒಂದು ಹಾಳೆ ಸಿಕ್ಕಿದ್ದರೂ ಅವರ ಕಥೆ ಮುಗಿಯುತ್ತಿತ್ತು. ಅಷ್ಟೇ ಅಲ್ಲ, ಆ ಹಾಳೆಗಳಲ್ಲಿ ಹೆಸರಿರುವ ಎಲ್ಲರ ಪ್ರಾಣಕ್ಕೂ ಅಪಾಯ. ಬೇರೆಯವರ ಜೀವವನ್ನ ಪಣಕ್ಕಿಡುವ ಹಕ್ಕು ತನಗಿದೆಯಾ ಅಂತ ಕ್ಲೆಂಪರರ್ ಮತ್ತೆ ಮತ್ತೆ ಕೇಳಿಕೊಂಡರು. ಆ ಪ್ರಶ್ನೆಯನ್ನೂ ಡೈರಿಯಲ್ಲೇ ಬರೆದರು.

ಹಾಳೆಗಳನ್ನ ಹೊರಗೆ ಸಾಗಿಸಿದ್ದು ಏವಾ. ಕೆಲವು ಹಾಳೆ ಸೇರಿದ ಹಾಗೆಲ್ಲ ಅವರು ಡ್ರೆಸ್ಡೆನ್‌ ಹತ್ತಿರದ ಪಿರ್ನಾ ಊರಿಗೆ ಹೋಗಿ ಅನ್ನೆಮರೀ ಕೋಲರ್ ಅನ್ನುವ ವೈದ್ಯೆಗೆ ಕೊಟ್ಟುಬರುತ್ತಿದ್ದರು. ಆ ಸ್ನೇಹಿತೆ ಅವನ್ನ ತಮ್ಮ ಆಸ್ಪತ್ರೆಯಲ್ಲಿ ಬಚ್ಚಿಟ್ಟರು. ಸಿಕ್ಕಿಬಿದ್ದಿದ್ದರೆ ಈ ಇಬ್ಬರು ಹೆಂಗಸರಿಗೂ ಉಳಿಗಾಲ ಇರಲಿಲ್ಲ.

ಏವಾ ಬಗ್ಗೆ ಇನ್ನೊಂದು ಮಾತು. ನಾಜಿ ಲೆಕ್ಕದಲ್ಲಿ ಅವರು 'ಆರ್ಯ'. ಇಂಥ ಮಿಶ್ರ ವಿವಾಹದಲ್ಲಿದ್ದ ಯಹೂದಿಗಳನ್ನ ಗಡೀಪಾರು ಮಾಡೋದನ್ನ ಅಧಿಕಾರಿಗಳು ಮುಂದೂಡುತ್ತಾ ಬಂದಿದ್ದರು. ಅಂದ್ರೆ ಏವಾ ವಿಚ್ಛೇದನ ಕೊಟ್ಟಿದ್ದರೆ ವಿಕ್ಟರ್‌ಗೆ ಆ ರಕ್ಷಣೆ ಇರುತ್ತಿರಲಿಲ್ಲ. ವಿಚ್ಛೇದನಕ್ಕೆ ಒತ್ತಡ ತರುವ ದಾರಿಗಳು ಬೇಕಾದಷ್ಟಿದ್ದವು: ಬೈಗುಳ, ಉಗುಳು, ಹಸಿವು. ಏವಾ ಕಾಯಿಲೆ ಮನುಷ್ಯೆ ಬೇರೆ. ಆದರೂ ಜಾಗ ಬಿಟ್ಟು ಕದಲಲಿಲ್ಲ. ಕ್ಲೆಂಪರರ್ ತಮ್ಮ ಪುಸ್ತಕವನ್ನ ಅರ್ಪಿಸಿರೋದು ಏವಾಗೆ.

ಎಲ್‌ಟಿಐ ಅನ್ನೋ ಮೂರಕ್ಷರ

ಲೈಬ್ರರಿ ಇಲ್ಲ, ಪುಸ್ತಕ ಇಲ್ಲ. ಹಾಗಾದ್ರೆ ಭಾಷಾ ವಿದ್ವಾಂಸನೊಬ್ಬ ಏನನ್ನ ಅಧ್ಯಯನ ಮಾಡಬೇಕು? ಕಿವಿಗೆ ಬೀಳುವುದನ್ನೇ. ಅಂಗಡಿಯ ಸಾಲಿನಲ್ಲಿ ಕೇಳಿದ್ದು, ಬೀದಿಯ ಧ್ವನಿವರ್ಧಕ ಕಿರುಚಿದ್ದು, ಕಾರ್ಖಾನೆಯಲ್ಲಿ ಪಕ್ಕದವರು ಆಡಿದ್ದು, ಗೆಸ್ಟಾಪೋದವರು ಬೈದದ್ದು, ಯಾರದೋ ಕೈಯಲ್ಲಿದ್ದ ಪತ್ರಿಕೆಯ ತಲೆಬರಹ, ಏವಾ ತಮ್ಮ ಹೆಸರಿನಲ್ಲಿ ತಂದ ನಾಜಿ ಪುಸ್ತಕಗಳು. ಇವೇ ಅವರ ಸಾಮಗ್ರಿ.

ಈ ಟಿಪ್ಪಣಿಗಳಿಗೆ ಅವರು ಇಟ್ಟುಕೊಂಡ ಗುಟ್ಟಿನ ಹೆಸರು 'ಎಲ್‌ಟಿಐ'. ಲ್ಯಾಟಿನ್‌ನ 'ಲಿಂಗ್ವಾ ಟೆರ್ಟಿಯಿ ಇಂಪೇರಿಯಿ' ಅನ್ನೋದರ ಸಂಕ್ಷಿಪ್ತ ರೂಪ. 'ಮೂರನೇ ಸಾಮ್ರಾಜ್ಯದ ಭಾಷೆ' ಅಂತ ಅರ್ಥ. ನಾಜಿಗಳು ತಮ್ಮ ಆಳ್ವಿಕೆಯನ್ನ 'ಮೂರನೇ ರೈಖ್' ಅಂತ ಕರೆದುಕೊಳ್ಳುತ್ತಿದ್ದರಲ್ಲ, ಅದು. ಇದರಲ್ಲಿ ಒಂದು ಗೇಲಿಯೂ ಇದೆ. ನಾಜಿಗಳಿಗೆ ಸಂಕ್ಷಿಪ್ತ ರೂಪಗಳ ಹುಚ್ಚು: ಎಸ್‌ಎ, ಎಸ್‌ಎಸ್, ಎಚ್‌ಜೆ, ಬಿಡಿಎಂ... ಅವರ ಚಟವನ್ನೇ ಅಣಕಿಸಿ ಇವರು ತಮ್ಮದೊಂದನ್ನ ಸೇರಿಸಿದರು. ಪೊಲೀಸರ ಕಣ್ಣಿಗೆ ಬಿದ್ದರೆ ಏನೆಂದು ತಿಳಿಯಬಾರದು ಅನ್ನುವ ಉದ್ದೇಶವೂ ಇತ್ತು.

ಈ ಕೆಲಸವನ್ನ ಅವರು ಹಗ್ಗದ ಮೇಲೆ ನಡೆಯುವವನ ಕೈಯಲ್ಲಿರುವ ಕೋಲಿಗೆ ಹೋಲಿಸಿದ್ದಾರೆ. ನಮ್ಮ ಕಡೆಯ ದೊಂಬರಾಟ ನೋಡಿದವರಿಗೆ ಆ ಚಿತ್ರ ಕೂಡಲೇ ಕಣ್ಣಿಗೆ ಬರುತ್ತೆ. ಕೋಲು ಕೈಬಿಟ್ಟರೆ ಮನುಷ್ಯ ಕೆಳಗೆ.

ಕೆಲವು ಪದಗಳು

ಅವರು ಹಿಡಿದ ಪದಗಳಲ್ಲಿ ಕೆಲವನ್ನ ನೋಡೋಣ.

ಮೊದಲನೆಯದು 'ಷ್ಟ್ರಾಫ್‌ಎಕ್ಸ್‌ಪೆಡಿಟ್ಸಿಯೋನ್'. ಅಂದ್ರೆ ಶಿಕ್ಷಿಸಲೆಂದು ಹೊರಡುವ ದಂಡಯಾತ್ರೆ. ಅವರಿಗೆ ಇದು ನಾಜಿಗಳದೇ ಪದ ಅಂತ ಮೊದಲು ಹೊಳೆದದ್ದು ಇದೇ. ಅವರು ಮನೆಮಗನ ಹಾಗೆ ನೋಡಿಕೊಂಡಿದ್ದ ಒಬ್ಬ ಯುವಕ, ತನ್ನ ಕಡೆಯವರು ಕಮ್ಯುನಿಸ್ಟರ ಮೇಲೆ ನಡೆಸಿದ ದಾಳಿಯನ್ನ ಈ ಪದ ಬಳಸಿ ಹೆಮ್ಮೆಯಿಂದ ಬಣ್ಣಿಸಿದ. ಪದ ಕೇಳಿದ ಕೂಡಲೇ ಕ್ಲೆಂಪರರ್ ಕಣ್ಣಿಗೆ ಬಂದದ್ದು ವಸಾಹತು ಕಾಲದ ಚಿತ್ರ: ಸುತ್ತುವರಿದ ಆಫ್ರಿಕಾದ ಹಳ್ಳಿ, ಚಾವಟಿ. ಈಗ ಅದೇ ಪದ ಸ್ವಂತ ಊರಿನ ಜನರ ಮೇಲೆ. ಆ ಸ್ನೇಹ ಅಲ್ಲಿಗೆ ಮುರಿಯಿತು.

ಎರಡನೆಯದು 'ಫನಾಟಿಷ್'. ಕನ್ನಡದಲ್ಲಿ 'ಮತಾಂಧ' ಅಂತೀವಲ್ಲ, ಅದಕ್ಕೆ ಹತ್ತಿರ. ಕ್ಲೆಂಪರರ್‌ಗೆ ಇದು ತಮ್ಮ ಕ್ಷೇತ್ರದ ಪದ. 18ನೇ ಶತಮಾನದ ಫ್ರೆಂಚ್ ಚಿಂತಕರು, ಅದರಲ್ಲೂ ವೋಲ್ತೇರ್, ಇದನ್ನ ಬೈಗುಳವಾಗಿಯೇ ಬಳಸಿದ್ದರು. ನಾಜಿಗಳು ಅದನ್ನ ಹೊಗಳಿಕೆ ಮಾಡಿದರು. ಕನ್ನಡದಲ್ಲಿ ಒಂದು ಉದಾಹರಣೆ ಕಟ್ಟಿಕೊಳ್ಳೋಣ: 'ಅವರು ಮತಾಂಧ ಶ್ರದ್ಧೆಯಿಂದ ದುಡಿದ ನೌಕರರು' ಅಂತ ಬೀಳ್ಕೊಡುಗೆ ಸಮಾರಂಭದಲ್ಲಿ ಯಾರಾದರೂ ಹೇಳಿದರೆ ಹೇಗಿರುತ್ತೆ? ನಮಗೆ ನಗು ಬರುತ್ತೆ. ಆದರೆ ಹತ್ತು ವರ್ಷ ದಿನಾಲೂ ರೇಡಿಯೋದಲ್ಲಿ, ಶಾಲೆಯಲ್ಲಿ, ಶುಭಾಶಯ ಪತ್ರದಲ್ಲಿ ಇದೇ ಕೇಳಿದರೆ ನಗು ನಿಂತುಹೋಗುತ್ತೆ. ಬಳಸಿ ಬಳಸಿ ಪದ ಸವೆದು, ಯುದ್ಧದ ಕೊನೆಗೆ ಬರೀ 'ಮತಾಂಧತೆ' ಸಾಲದೆ ಗೊಬೆಲ್ಸ್ ಅದಕ್ಕೆ 'ಕಾಡು' ಅನ್ನುವ ವಿಶೇಷಣ ಸೇರಿಸಬೇಕಾಯಿತು ಅನ್ನೋದನ್ನೂ ಇವರು ಗುರುತಿಸಿದರು.

ಮೂರನೆಯದು 'ಗ್ಲೈಖ್‌ಷಾಲ್ಟುಂಗ್'. ಇದು ವಿದ್ಯುತ್ ಯಂತ್ರಗಳ ಲೋಕದಿಂದ ಬಂದದ್ದು. ಎಲ್ಲ ಸ್ವಿಚ್ಚುಗಳನ್ನ ಒಂದೇ ಕಡೆಗೆ ತಿರುಗಿಸಿದ ಹಾಗೆ ಅಂದುಕೊಳ್ಳಿ. ಶಾಲೆ, ಪತ್ರಿಕೆ, ಕ್ರೀಡಾ ಸಂಘ, ಹಾಡಿನ ಮಂಡಳಿ ಎಲ್ಲವನ್ನೂ ಪಕ್ಷದ ಹಿಡಿತಕ್ಕೆ ತರೋದಕ್ಕೆ ಈ ಪದ. ಮನುಷ್ಯರನ್ನ ಯಂತ್ರದ ಭಾಗಗಳ ಹಾಗೆ ಕಾಣುವ ಪದ ಇದು. ಸ್ವಾರಸ್ಯ ಅಂದ್ರೆ ಅದೇ ಜನ ರಕ್ತ, ಮಣ್ಣು, ಬೇರು ಅಂತ ಗಿಡಮರಗಳ ಮಾತನ್ನೂ ಅಷ್ಟೇ ಜೋರಾಗಿ ಆಡುತ್ತಿದ್ದರು. ಎರಡೂ ಒಂದೇ ಭಾಷಣದಲ್ಲಿ ಬರುತ್ತಿದ್ದವು, ಯಾರಿಗೂ ವಿರೋಧಾಭಾಸ ಅನ್ನಿಸುತ್ತಿರಲಿಲ್ಲ.

ನಾಲ್ಕನೆಯದು 'ಫೋಲ್ಕ್', ಅಂದ್ರೆ ಜನ, ಜನಾಂಗ. ಅಡುಗೆಗೆ ಉಪ್ಪು ಹಾಕುವಷ್ಟು ಧಾರಾಳವಾಗಿ ಈ ಪದವನ್ನ ಎಲ್ಲದಕ್ಕೂ ಹಾಕುತ್ತಿದ್ದಾರೆ ಅಂತ 1933ರಲ್ಲೇ ಅವರು ಬರೆದುಕೊಂಡಿದ್ದರು.

ಪದಗಳಷ್ಟೇ ಅಲ್ಲ, ವಿರಾಮ ಚಿಹ್ನೆಗಳನ್ನೂ ಅವರು ಬಿಡಲಿಲ್ಲ. ನಾಜಿ ಬರಹಗಳಲ್ಲಿ ಉದ್ಧರಣ ಚಿಹ್ನೆ ವ್ಯಂಗ್ಯದ ಆಯುಧವಾಗಿತ್ತು. ಐನ್‌ಸ್ಟೈನ್ ಅನ್ನುವ 'ವಿಜ್ಞಾನಿ', ಹೈನೆ ಅನ್ನುವ 'ಜರ್ಮನ್' ಕವಿ. ಎರಡು ಚಿಕ್ಕ ಗೆರೆ ಹಾಕಿದರೆ ಸಾಕು, ಒಬ್ಬ ಮನುಷ್ಯನ ಜೀವಮಾನದ ಕೆಲಸ ಅನುಮಾನಕ್ಕೆ ಬೀಳುತ್ತೆ. ವಾದ ಮಾಡುವ ಅಗತ್ಯವೇ ಇಲ್ಲ.

ಸಾವಿನ ಜಾಹೀರಾತು ಓದುವ ಕಲೆ

ಇನ್ನೊಂದು ಕಡೆ ಕ್ಲೆಂಪರರ್ ಪತ್ತೇದಾರರ ಹಾಗೆ ಕೆಲಸ ಮಾಡಿದರು. ಯುದ್ಧದಲ್ಲಿ ಸತ್ತ ಸೈನಿಕರ ಬಗ್ಗೆ ಕುಟುಂಬದವರು ಪತ್ರಿಕೆಯಲ್ಲಿ ಕೊಡುವ ನಿಧನ ಪ್ರಕಟಣೆಗಳನ್ನ ಅವರು ಗಮನವಿಟ್ಟು ನೋಡುತ್ತಿದ್ದರು. ಆರಂಭದಲ್ಲಿ ಮಗ 'ಫ್ಯೂರರ್ ಮತ್ತು ಪಿತೃಭೂಮಿ'ಗಾಗಿ ಸತ್ತ ಅಂತ ಬರೆಯೋದು ವಾಡಿಕೆ. ಫ್ಯೂರರ್ ಅಂದ್ರೆ ನಾಯಕ, ಅಂದ್ರೆ ಹಿಟ್ಲರ್. ಕೆಲವರು ಮಾತ್ರ 'ಫ್ಯೂರರ್' ಬಿಟ್ಟು ಬರೀ 'ಪಿತೃಭೂಮಿ' ಅಂತ ಬರೆಯುತ್ತಿದ್ದರು. ಬಾಯಿಬಿಟ್ಟು ಏನನ್ನೂ ಹೇಳಲಾಗದ ದೇಶದಲ್ಲಿ, ಬಿಟ್ಟುಹೋದ ಆ ಒಂದು ಪದದಿಂದ ಜನರ ಮನಸ್ಸನ್ನ ಅಳೆಯಲು ಅವರು ಪ್ರಯತ್ನಿಸಿದರು.

ಸೇನೆಯ ಪ್ರಕಟಣೆಗಳನ್ನೂ ಹೀಗೇ ಓದಿದರು. ಸ್ಟಾಲಿನ್‌ಗ್ರಾಡ್ ಸೋಲಿನ ನಂತರ 'ಸೋಲು', 'ಹಿಮ್ಮೆಟ್ಟುವಿಕೆ' ಅನ್ನುವ ಪದಗಳು ಎಲ್ಲೂ ಇಲ್ಲ. ಅವುಗಳ ಬದಲು 'ಚಲಿಸುವ ರಕ್ಷಣೆ'ಯಂಥ ಮಾತುಗಳು. ಅದೇ ಜಾಣ್ಮೆ ಯಹೂದಿಗಳ ವಿಷಯದಲ್ಲೂ ಇತ್ತು. ಜನರನ್ನ ಪೂರ್ವದ ಶಿಬಿರಗಳಿಗೆ ಸಾಗಿಸೋದಕ್ಕೆ 'ಸ್ಥಳಾಂತರ' ಅಂತ ಹೆಸರು. ಪ್ರವಾಹ ಬಂದಾಗ ಜನರನ್ನ ಸ್ಥಳಾಂತರಿಸುತ್ತಾರಲ್ಲ, ಹಾಗೆ ಅನ್ನಿಸಬೇಕು ಕೇಳುವವರಿಗೆ.

1942ರ ಮಾರ್ಚ್‌ನಲ್ಲೇ ಅವರ ಡೈರಿಯಲ್ಲಿ ಆಶ್‌ವಿಟ್ಸ್ ಹೆಸರು ಬರುತ್ತೆ, ಅತ್ಯಂತ ಭಯಾನಕ ಶಿಬಿರ ಅಂತ. ಎಲ್ಲ ಸುದ್ದಿಮೂಲಗಳನ್ನ ಕಳೆದುಕೊಂಡಿದ್ದ, ನಗರದ ಗಡಿ ದಾಟುವ ಹಾಗಿಲ್ಲದ ಒಬ್ಬ ಯಹೂದಿ ಮುದುಕರಿಗೆ ಡ್ರೆಸ್ಡೆನ್‌ನಲ್ಲಿ ಕೂತು ಇಷ್ಟು ಗೊತ್ತಾಗಿತ್ತು. ಯುದ್ಧ ಮುಗಿದ ಮೇಲೆ 'ನಮಗೇನೂ ಗೊತ್ತಿರಲಿಲ್ಲ' ಅಂದವರು ಬಹಳ. ಆ ಮಾತನ್ನ ಕೇಳುವಾಗ ಈ ಪುಟವನ್ನ ನೆನಪಿಟ್ಟುಕೊಳ್ಳಬೇಕು.

ಫ್ರೀಡಾ ಕೊಟ್ಟ ಸೇಬು

ನಾಜಿ ಕಾಲದ ಜರ್ಮನರೆಲ್ಲ ರಾಕ್ಷಸರಾಗಿದ್ದರಾ? ಕ್ಲೆಂಪರರ್ ಹಾಗೆ ಬರೆಯೋದಿಲ್ಲ. ನಕ್ಷತ್ರ ನೋಡಿ ಬೈದವರೂ ಇದ್ದಾರೆ, ಬೀದಿಯಲ್ಲಿ ಬೇಕಂತಲೇ ಬಂದು ಕೈಕುಲುಕಿದವರೂ ಇದ್ದಾರೆ. ತರಕಾರಿ ಅಂಗಡಿಯಲ್ಲಿ ಗುಟ್ಟಾಗಿ ಒಂದಿಷ್ಟು ಹೆಚ್ಚು ಹಾಕಿಕೊಟ್ಟವರೂ ಇದ್ದಾರೆ.

ಅವರನ್ನ ಬಲವಂತದ ದುಡಿಮೆಗೆ ಹಾಕಿದ್ದ ಕಾರ್ಖಾನೆಯೊಂದರ ಕಥೆ ಅವರ ಪುಸ್ತಕದಲ್ಲಿದೆ. ಅಲ್ಲಿ ಫ್ರೀಡಾ ಅನ್ನುವ ಕೆಲಸಗಾರ್ತಿ ಇದ್ದಳು. ಯಹೂದಿಗಳ ಜೊತೆ ಮಾತಾಡಬಾರದು ಅನ್ನುವ ನಿಯಮ ಇದ್ದರೂ ಅವಳು ಇವರ ಕಾಯಿಲೆಯ ಹೆಂಡತಿಯ ಬಗ್ಗೆ ವಿಚಾರಿಸಿದಳು. ಒಂದು ದಿನ ಹೆಂಡತಿಗೆ ಕೊಡಿ ಅಂತ ಒಂದು ಸೇಬು ತಂದಿಟ್ಟಳು. ಯುದ್ಧಕಾಲದ ಹಸಿವಿನಲ್ಲಿ ಅದು ಸಣ್ಣ ವಿಷಯ ಅಲ್ಲ. ಆಮೇಲೆ ಕುತೂಹಲದಿಂದ ಕೇಳಿದಳು: ನಿಮ್ಮ ಹೆಂಡತಿ ಜರ್ಮನ್ ಅಂತೆ, ಹೌದಾ?

ಸೇಬಿನ ಸಂತೋಷ ಆ ಕ್ಷಣವೇ ಹೋಯಿತು. ಫ್ರೀಡಾಳಲ್ಲಿ ದ್ವೇಷ ಇರಲಿಲ್ಲ. ಅವಳು ನಾಜಿಯೂ ಅಲ್ಲ. ಆದರೂ ಅವಳ ಬಾಯಲ್ಲಿ 'ಜರ್ಮನ್' ಅಂದ್ರೆ 'ಯಹೂದಿ ಅಲ್ಲದವರು' ಅಂತ ಆಗಿಬಿಟ್ಟಿತ್ತು. ಎದುರಿಗೆ ನಿಂತು ಶುದ್ಧ ಜರ್ಮನ್‌ನಲ್ಲಿ ಮಾತಾಡುತ್ತಿರುವ ಈ ಮನುಷ್ಯ ಜರ್ಮನ್ ಇರಬಹುದು ಅಂತ ಅವಳಿಗೆ ಹೊಳೆಯಲೇ ಇಲ್ಲ. ನಾಜಿಗಳ ಪ್ರಚಾರ ಗೆದ್ದದ್ದು ದೊಡ್ಡ ಭಾಷಣಗಳಿಂದಲ್ಲ, ಸಾವಿರಾರು ಸಲ ಪುನರಾವರ್ತನೆಯಾದ ಬಿಡಿ ಪದಗಳಿಂದ ಅನ್ನೋದು ಕ್ಲೆಂಪರರ್ ವಾದ. ಫ್ರೀಡಾಳ ಪ್ರಶ್ನೆ ಅದಕ್ಕೆ ಸಾಕ್ಷಿ. ಅಷ್ಟೇ ಅಲ್ಲ, ಹಿಂಸೆಗೆ ಒಳಗಾದ ಯಹೂದಿಗಳೂ, ಸ್ವತಃ ತಾವೂ ಅದೇ ಪದಗಳನ್ನ ಗೊತ್ತಿಲ್ಲದೇ ಬಳಸುತ್ತಿದ್ದೇವೆ ಅನ್ನೋದನ್ನ ಅವರು ಮುಚ್ಚಿಡಲಿಲ್ಲ.

1945ರ ಫೆಬ್ರವರಿ 13

ಡ್ರೆಸ್ಡೆನ್‌ನ ಸಾವಿರಾರು ಯಹೂದಿಗಳಲ್ಲಿ 1945ರ ಆರಂಭಕ್ಕೆ ಉಳಿದಿದ್ದವರು 200ಕ್ಕೂ ಕಡಿಮೆ, ಹೆಚ್ಚಾಗಿ ಮಿಶ್ರ ವಿವಾಹದವರು. ಫೆಬ್ರವರಿ 13ರಂದು ಅವರಲ್ಲಿ ಹಲವರಿಗೆ ಹೊರಡುವ ಆದೇಶ ಬಂತು. ಮೂರು ದಿನದಲ್ಲಿ, ಊರಿಂದಾಚೆ 'ಕೆಲಸ'ಕ್ಕೆ ಹಾಜರಾಗಬೇಕು. ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಆ ಆದೇಶಗಳನ್ನ ಮನೆಮನೆಗೆ ಹಂಚುವ ಕೆಲಸಕ್ಕೆ ಹಚ್ಚಿದವರಲ್ಲಿ ಕ್ಲೆಂಪರರ್ ಕೂಡ ಒಬ್ಬರು. ಅವರ ಹೆಸರು ಆ ಸಲದ ಪಟ್ಟಿಯಲ್ಲಿರಲಿಲ್ಲ, ಆದರೆ ಮುಂದಿನ ಸಲ ಖಂಡಿತ ಅಂತ ಅವರಿಗೆ ಅನ್ನಿಸಿತ್ತು.

ಅದೇ ರಾತ್ರಿ ಬ್ರಿಟಿಷ್ ವಿಮಾನಗಳು ಡ್ರೆಸ್ಡೆನ್ ಮೇಲೆ ಬಾಂಬ್ ಸುರಿಸಿದವು. ನಗರದ ಮಧ್ಯಭಾಗ ಸುಟ್ಟುಹೋಯಿತು. ಸತ್ತವರು 25,000ದವರೆಗೆ ಅಂತ ಇತಿಹಾಸಕಾರರ ಲೆಕ್ಕ. ಬೆಂಕಿಯ ನಡುವೆ ವಿಕ್ಟರ್ ಮತ್ತು ಏವಾ ಬೇರೆಯಾದರು. ಬೆಳಗಾದ ಮೇಲೆ ಎಲ್ಬೆ ನದಿಯ ದಂಡೆಯ ಹತ್ತಿರ ಮತ್ತೆ ಸಿಕ್ಕರು. ಏವಾ ಪುಟ್ಟ ಚಾಕುವಿನಿಂದ ಗಂಡನ ಕೋಟಿನ ನಕ್ಷತ್ರವನ್ನ ಕಿತ್ತುಹಾಕಿದರು. ಆ ಕ್ಷಣದಿಂದ ಅವರು ಮನೆ, ಕಾಗದಪತ್ರ ಎಲ್ಲ ಕಳೆದುಕೊಂಡ ಸಾವಿರಾರು ನಿರಾಶ್ರಿತರಲ್ಲಿ ಇಬ್ಬರು.

ಮುಂದಿನ ಮೂರು ತಿಂಗಳು ಓಡಾಟ. ಫಾಲ್ಕೆನ್‌ಷ್ಟೈನ್ ಊರಿನಲ್ಲಿ ಔಷಧಿ ಅಂಗಡಿಯ ಹಳೇ ಪರಿಚಯದವರು ಜಾಗ ಕೊಟ್ಟರು. ಕಾಗದದ ಮೇಲೆ 'ಕ್ಲೆಂಪರರ್' ಅನ್ನೋದನ್ನ ಸ್ವಲ್ಪ ತಿದ್ದಿ 'ಕ್ಲೈನ್‌ಪೇಟರ್' ಮಾಡಿಕೊಂಡರು. ಪದಗಳ ಮೇಲೆ ಜೀವ ಸವೆಸಿದ ಮನುಷ್ಯನನ್ನ ಕೊನೆಗೆ ಒಂದೆರಡು ಅಕ್ಷರದ ತಿದ್ದುಪಡಿ ಕಾಯಿತು. ಯುದ್ಧ ಮುಗಿದಾಗ ಅವರು ಬವೇರಿಯಾದ ಹಳ್ಳಿಯೊಂದರಲ್ಲಿದ್ದರು. ಜೂನ್‌ನಲ್ಲಿ, ಬಹುಪಾಲು ನಡೆದುಕೊಂಡೇ, ಡೋಲ್ಟ್ಶೆನ್‌ನ ತಮ್ಮ ಮನೆಗೆ ಮರಳಿದರು. ಪಿರ್ನಾದಲ್ಲಿ ಬಚ್ಚಿಟ್ಟಿದ್ದ ಹಾಳೆಗಳು ಹಾಗೇ ಇದ್ದವು.

ಪುಸ್ತಕ, ಮತ್ತು ಆಮೇಲಿನ ಪ್ರಶ್ನೆಗಳು

ಬವೇರಿಯಾದ ಆ ಹಳ್ಳಿಯಲ್ಲಿ ಬರ್ಲಿನ್‌ನಿಂದ ಬಂದ ಒಬ್ಬ ಕೆಲಸಗಾರ ಹೆಂಗಸಿನ ಪರಿಚಯವಾಯಿತು. ಅವಳು ನಾಜಿ ಕಾಲದಲ್ಲಿ ಒಂದು ವರ್ಷ ಜೈಲಿನಲ್ಲಿದ್ದವಳು. ಯಾಕೆ ಅಂತ ಇವರು ಕೇಳಿದರು. 'ಮಾತು'ಗಳ ಕಾರಣಕ್ಕೆ ಅಂತ ಅವಳು ತನ್ನ ಬರ್ಲಿನ್ ಆಡುಭಾಷೆಯಲ್ಲಿ ಉತ್ತರಿಸಿದಳು. ಹಿಟ್ಲರ್ ಬಗ್ಗೆ, ಅವನ ಆಡಳಿತದ ಬಗ್ಗೆ ಏನೋ ಬಾಯಿಬಿಟ್ಟಿದ್ದಳು ಅಷ್ಟೇ. ಟಿಪ್ಪಣಿಗಳನ್ನ ಏನು ಮಾಡೋದು ಅಂತ ಗೊಂದಲದಲ್ಲಿದ್ದ ಕ್ಲೆಂಪರರ್‌ಗೆ ದಾರಿ ಕಂಡದ್ದು ಆಗ. ಅವರೂ ಬರೆಯಬೇಕಾದದ್ದು ಮಾತುಗಳ ಕಾರಣಕ್ಕೇ.

'ಎಲ್‌ಟಿಐ' 1947ರಲ್ಲಿ ಬರ್ಲಿನ್‌ನ ಔಫ್‌ಬೌ ಪ್ರಕಾಶನದಿಂದ ಬಂತು. ಅದು ಕ್ರಮಬದ್ಧವಾದ ಭಾಷಾವಿಜ್ಞಾನದ ಗ್ರಂಥ ಅಲ್ಲ. ನಾಜಿಗಳು ಬಳಸಿದ ಹೆಚ್ಚಿನ ಪದಗಳು ಮೊದಲೇ ಇದ್ದವು. ಇದನ್ನ ಕ್ಲೆಂಪರರ್ ತಾವೇ ಹೇಳಿದ್ದಾರೆ. ನಾಜಿಗಳು ಹೊಸದಾಗಿ ಹುಟ್ಟಿಸಿದ್ದು ಕಡಿಮೆ, ಅರ್ಥ ತಿರುಗಿಸಿದ್ದು ಮತ್ತು ಕೆಲವರ ಮಾತನ್ನ ಎಲ್ಲರ ಮಾತಾಗಿಸಿದ್ದು ಹೆಚ್ಚು ಅಂತ ಅವರ ತೀರ್ಮಾನ. ಭಾಷೆಯೊಂದೇ ಜನರನ್ನ ಕೊಲೆಗಾರರನ್ನಾಗಿ ಮಾಡಿತಾ ಅಂತ ಕೇಳಿದರೆ, ಇಲ್ಲ. ಕಾನೂನು, ಪೊಲೀಸ್, ಲಾಭದ ಆಸೆ, ಭಯ ಎಲ್ಲವೂ ಇದ್ದವು. ಆದರೆ ಇವೆಲ್ಲ ನಡೆಯುವಾಗ ಜನ ತಮ್ಮ ಮನಸ್ಸಿಗೆ ಹೇಗೆ ಸಮಾಧಾನ ಹೇಳಿಕೊಂಡರು ಅನ್ನೋದು ಆ ಪದಗಳಲ್ಲೇ ಕಾಣುತ್ತೆ.

ಯುದ್ಧದ ನಂತರ ಅವರು ಪೂರ್ವ ಜರ್ಮನಿಯಲ್ಲೇ ಉಳಿದು ಕಮ್ಯುನಿಸ್ಟ್ ಪಕ್ಷ ಸೇರಿದರು. ಹಾಲೆ ಮತ್ತು ಬರ್ಲಿನ್‌ನಲ್ಲಿ ಪ್ರಾಧ್ಯಾಪಕರಾದರು, 1950ರಿಂದ 1958ರವರೆಗೆ ಅಲ್ಲಿನ ಸಂಸತ್ತಿನ ಸದಸ್ಯರಾಗಿದ್ದರು. ಅವರ ಕಿವಿ ಮಾತ್ರ ನಿವೃತ್ತಿ ಆಗಲಿಲ್ಲ. ಹೊಸ ಆಡಳಿತದ ಭಾಷಣಗಳಲ್ಲೂ ಹಳೇ ಚಾಳಿಗಳು ಕೇಳಿಸುತ್ತಿವೆ ಅಂತ ಡೈರಿಯಲ್ಲಿ ಬರೆದುಕೊಂಡು, ಅದಕ್ಕೆ 'ಎಲ್‌ಕ್ಯೂಐ' ಅಂತ ಹೆಸರಿಟ್ಟರು. ನಾಲ್ಕನೇ ಸಾಮ್ರಾಜ್ಯದ ಭಾಷೆ! ಗುಟ್ಟಾಗಿ ಹೀಗೆ ಬರೆಯುತ್ತಲೇ ಬಹಿರಂಗವಾಗಿ ಅದೇ ವ್ಯವಸ್ಥೆಯಲ್ಲಿ ಸ್ಥಾನಮಾನ ಒಪ್ಪಿಕೊಂಡರು ಅನ್ನೋದೂ ನಿಜ. ಅವರ ಬದುಕಿನ ಈ ಭಾಗವನ್ನ ಬಿಟ್ಟು ಅವರನ್ನ ಹೊಗಳೋದು ಅರ್ಧ ಸತ್ಯ ಆಗುತ್ತೆ.

ಏವಾ 1951ರಲ್ಲಿ ತೀರಿಕೊಂಡರು. ವಿಕ್ಟರ್ 1960ರ ಫೆಬ್ರವರಿ 11ರಂದು. ಡೈರಿಗಳು ಡ್ರೆಸ್ಡೆನ್‌ನ ಗ್ರಂಥಾಲಯದಲ್ಲಿ ಉಳಿದವು. ಯಾವ ಊರಿನ ಲೈಬ್ರರಿಗಳು ಒಮ್ಮೆ ಅವರನ್ನ ಹೊರಗೆ ಹಾಕಿದ್ದವೋ ಅದೇ ಊರು. 1995ರಲ್ಲಿ, ಅವರ ವಿದ್ಯಾರ್ಥಿಯಾಗಿದ್ದ ವಾಲ್ಟರ್ ನೊವೊಯ್ಸ್ಕಿ ಅವರ ಸಂಪಾದಕತ್ವದಲ್ಲಿ 1933ರಿಂದ 1945ರವರೆಗಿನ ಭಾಗ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು. ಜರ್ಮನಿಯಲ್ಲಿ ಅದು ದೊಡ್ಡ ಸುದ್ದಿಯಾಯಿತು. ಆಮೇಲೆ ಮಾರ್ಟಿನ್ ಚಾಮರ್ಸ್ ಅವರ ಇಂಗ್ಲಿಷ್ ಅನುವಾದವೂ ಬಂತು. ಓದಬೇಕು ಅನ್ನುವವರು ಅಲ್ಲಿಂದ ಶುರು ಮಾಡಬಹುದು, ನಿಮ್ಮೂರಿನ ಲೈಬ್ರರಿಯಲ್ಲಿ ಕೇಳಿ ನೋಡಿ.

ಪೂರ್ತಿ ಓದಲು ಸಮಯ ಇಲ್ಲದಿದ್ದರೆ 1942ರ ವರ್ಷವನ್ನಾದರೂ ಓದಿ. ಯಹೂದಿಗಳ ಮನೆಯಲ್ಲಿ ಜೊತೆಗಿದ್ದವರು ಆ ಪುಟಗಳಲ್ಲಿ ಒಬ್ಬೊಬ್ಬರಾಗಿ ಬರುತ್ತಾರೆ: ಆಲೂಗಡ್ಡೆ ಹಂಚಿಕೊಳ್ಳುತ್ತಾರೆ, ಅಡುಗೆಮನೆಗಾಗಿ ಜಗಳ ಆಡುತ್ತಾರೆ, ಸುಳ್ಳು ಸುದ್ದಿ ನಂಬಿ ಖುಷಿಪಡುತ್ತಾರೆ. ಆಮೇಲೆ ಒಂದು ದಿನ ಅವರ ಹೆಸರು ಬರೋದು ನಿಂತುಹೋಗುತ್ತೆ. ಸರ್ಕಾರಿ ಕಡತದಲ್ಲಿ ಅವರು 'ಸ್ಥಳಾಂತರ'ಗೊಂಡವರು. ಡೈರಿಯಲ್ಲಿ ಮಾತ್ರ ಅವರು ಕೊನೆಯ ಸಲ ಏನು ಮಾತಾಡಿದರು, ಯಾವ ಕೋಟು ಹಾಕಿಕೊಂಡು ಹೊರಟರು ಅನ್ನುವಂಥ ಸಂಗತಿಗಳೂ ಉಳಿದಿವೆ.